ಕೇಳಿಸಿತಾ, ಕೇಳಿದಿರಾ? ‘ಹಿಯರ್’ ಮತ್ತು ‘ಲಿಸನ್’ ತಪ್ಪದೆ ಬಳಸುವ ಬಗೆ

ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನಿಂತುಕೊಂಡೇ ಆಫೀಸ್ ಕಾಲ್ ತೆಗೆದುಕೊಂಡಿದ್ದೆ. ಕೆಲಸಕ್ಕೆ ಸೇರಿ ಆಗ ಎರಡು ತಿಂಗಳು. ಆ ಕಡೆ ಮ್ಯಾನೇಜರ್ ಮೇಡಂ, ಕನ್ನಡ ಬಾರದವರು. ಈ ಕಡೆ ಹಾರ್ನು, ಕಂಡಕ್ಟರ್ ವಿಷಲ್, ಪಕ್ಕದವರ ಫೋನಿನ ರೀಲ್ಸು. ನನ್ನ ಮಾತು ಅವರಿಗೆ ಮುಟ್ಟುತ್ತಿಲ್ಲ ಅನ್ನಿಸಿತು. ಗಂಟಲು ಎತ್ತರಿಸಿ ಕೇಳಿದೆ: ‘ಮೇಡಂ, ಆರ್ ಯು ಲಿಸನಿಂಗ್ ಟು ಮಿ?’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ತಣ್ಣಗೆ ಉತ್ತರ ಬಂತು: ‘ಆಫ್ ಕೋರ್ಸ್ ಐ ಆಮ್.’

ನಾನು ಕೇಳಬೇಕು ಅಂದುಕೊಂಡಿದ್ದು ‘ಕೇಳಿಸ್ತಾ ಇದೆಯಾ ಮೇಡಂ?’ ಅಂತ. ಬಾಯಲ್ಲಿ ಬಂದದ್ದು ‘ನಾನು ಹೇಳೋದರ ಕಡೆ ನಿಮಗೆ ಗಮನ ಇದೆಯಾ?’ ಅಂತ. ಟೀಚರು ಕೊನೆ ಬೆಂಚಿನ ಹುಡುಗನನ್ನು ಗದರಿಸುತ್ತಾರಲ್ಲ, ಹಾಗೆ. ಅದೂ ಮ್ಯಾನೇಜರ್‌ಗೆ!

ಈ ತಪ್ಪು ನನ್ನೊಬ್ಬಳದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ‘ಐ ಆಮ್ ನಾಟ್ ಏಬಲ್ ಟು ಲಿಸನ್ ಯುವರ್ ವಾಯ್ಸ್’ ಅನ್ನುವುದನ್ನು ಎಷ್ಟೋ ಕಾಲ್‌ಗಳಲ್ಲಿ ಕೇಳಿದ್ದೇನೆ. ರೆಸ್ಯುಮೆಯ ಕೊನೆಯಲ್ಲಿ ‘ಹಾಬೀಸ್: ಹಿಯರಿಂಗ್ ಮ್ಯೂಸಿಕ್’ ಅಂತ ಬರೆದದ್ದನ್ನೂ ನೋಡಿದ್ದೇನೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದೇ ಹಾಗೆ: ಹಿಯರ್ ಅಂದರೆ ಕೇಳು, ಲಿಸನ್ ಅಂದರೆ ಕೇಳು, ಆಸ್ಕ್ ಅಂದರೂ ಕೇಳು. ಮೂರಕ್ಕೂ ಒಂದೇ ಬೀಗದ ಕೈ ಕೊಟ್ಟು ಕಳಿಸಿದರು.

ಹಾಗಂತ ಕನ್ನಡದಲ್ಲಿ ಈ ವ್ಯತ್ಯಾಸವೇ ಇಲ್ಲ ಅಂದುಕೊಳ್ಳಬೇಡಿ. ಇದೆ. ನೀವು ದಿನಾ ಬಳಸುತ್ತಿದ್ದೀರಿ, ಗಮನಿಸಿಲ್ಲ ಅಷ್ಟೆ. ಅದನ್ನು ಹಿಡಿದುಕೊಂಡು ಹೋದರೆ ಗ್ರಾಮರ್ ಪುಸ್ತಕ ತೆಗೆಯುವ ಅಗತ್ಯ ಜಾಸ್ತಿ ಬರುವುದಿಲ್ಲ.

ಮೊದಲ ಹೆಜ್ಜೆ: ಕನ್ನಡದಲ್ಲಿ ಹೇಳಿಕೊಳ್ಳಿ, ‘ಗೆ’ ಎಲ್ಲಿದೆ ನೋಡಿ

ಹೋದ ವರ್ಷ ಮಾವನವರನ್ನು ಜಯನಗರದಲ್ಲಿ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಗಾಜಿನ ಕಿಟಕಿ ಇರುವ ಸಣ್ಣ ಕೋಣೆ. ಒಳಗೆ ಮಾವ. ತಲೆ ಮೇಲೆ ಹೆಡ್‌ಫೋನ್, ಕೈಯಲ್ಲಿ ಒಂದು ಬಟನ್. ‘ಎಷ್ಟು ಸಣ್ಣಗೆ ಕೇಳಿಸಿದರೂ ಒತ್ತಿ ಅಂಕಲ್’ ಅಂದಳು ಅಲ್ಲಿದ್ದ ಹುಡುಗಿ. 250 ಹರ್ಟ್ಜ್‌ನಿಂದ 8000 ಹರ್ಟ್ಜ್‌ವರೆಗೆ ದಪ್ಪ ಸದ್ದು, ಸಣ್ಣ ಸದ್ದು ಒಂದೊಂದಾಗಿ ಬಿಟ್ಟಳು. ಮಾವ ಶ್ರದ್ಧೆಯಿಂದ ಒತ್ತುತ್ತಲೇ ಇದ್ದರು. ರಿಪೋರ್ಟ್ ಬಂತು. ವಯಸ್ಸಿಗೆ ಹೋಲಿಸಿದರೆ ಕಿವಿ ಚೆನ್ನಾಗಿಯೇ ಇದೆ. ಅತ್ತೆ ನನ್ನ ಕಡೆ ತಿರುಗಿ ಹೇಳಿದರು: ‘ನಾನು ಹೇಳಲಿಲ್ವೇನಮ್ಮ? ಅವರಿಗೆ ಎಲ್ಲಾ ಕೇಳಿಸುತ್ತೆ. ಕೇಳಲ್ಲ, ಅಷ್ಟೆ.’

ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ‘ಹಿ ಕ್ಯಾನ್ ಹಿಯರ್ ಎವ್ರಿಥಿಂಗ್. ಹಿ ಜಸ್ಟ್ ಡಸಂಟ್ ಲಿಸನ್.’ ಅತ್ತೆ ಇಂಗ್ಲಿಷ್ ಮಾತಾಡುವವರಲ್ಲ. ಆದರೂ ಎರಡು ಪದಗಳ ನಡುವಿನ ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದಿದ್ದರು.

ಕೇಳಿಸುವುದು ಕಿವಿಯ ಪಾಡಿಗೆ ಆಗುವ ಕೆಲಸ. ಎದುರು ಮನೆಯವರು ಡ್ರಿಲ್ಲಿಂಗ್ ಮೆಷಿನ್ ಹಚ್ಚಿದರೆ ನೀವು ಬೇಡ ಅಂದರೂ ಕೇಳಿಸುತ್ತದೆ. ಕೇಳುವುದು ನೀವು ಮನಸ್ಸಿಟ್ಟು ಮಾಡುವ ಕೆಲಸ. ಬೇಡ ಅನ್ನಿಸಿದರೆ ನಿಲ್ಲಿಸಬಹುದು. ಮೊದಲನೆಯದು ಹಿಯರ್. ಎರಡನೆಯದು ಲಿಸನ್.

ಈಗ ಈ ಎರಡು ವಾಕ್ಯ ನೋಡಿ.

‘ನನಗೆ ಗುಡುಗು ಕೇಳಿಸಿತು.’
‘ನಾನು ರೇಡಿಯೊ ಕೇಳಿದೆ.’

ಮೊದಲನೆಯದರಲ್ಲಿ ‘ನನಗೆ’ ಇದೆ. ನನಗೆ ಹಸಿವಾಯಿತು, ನನಗೆ ನೆಗಡಿ ಬಂತು, ನನಗೆ ನಿದ್ದೆ ಬಂತು ಅನ್ನುವ ಹಾಗೆ. ಇದರಲ್ಲಿ ನಾನು ಮಾಡಿದ್ದು ಏನೂ ಇಲ್ಲ, ಅದೇ ಬಂದು ನನಗೆ ಆಯಿತು. ಇಲ್ಲಿ ‘ಐ ಹರ್ಡ್ ಥಂಡರ್.’ ಎರಡನೆಯದರಲ್ಲಿ ‘ನಾನು’. ನಾನೇ ಕೂತು ಮಾಡಿದ ಕೆಲಸ. ಇಲ್ಲಿ ‘ಐ ಲಿಸನ್ಡ್ ಟು ದ ರೇಡಿಯೊ.’ ರೇಡಿಯೊದವರು ನಮ್ಮನ್ನು ‘ಕೇಳುಗರೇ’ ಅಂತ ಕರೆಯುತ್ತಾರೆ, ‘ಕೇಳಿಸುವವರೇ’ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಅವರು ಲಿಸನರ್ಸ್.

ನನಗೆ, ನಮಗೆ, ಅವಳಿಗೆ, ಮಾವನಿಗೆ: ‘ಗೆ’ ಆಳಿಗೆ ಅಂಟಿಕೊಂಡಿದ್ದರೆ ಹಿಯರ್ ಬರೆಯಿರಿ. ನೂರಕ್ಕೆ ನೂರು ಅಲ್ಲದಿದ್ದರೂ ಬಹಳ ಕಡೆ ಇದೊಂದೇ ಸಾಕು.

ಹಿಯರಿಂಗ್ ಟೆಸ್ಟ್ ಬೇರೆ, ಲಿಸನಿಂಗ್ ಟೆಸ್ಟ್ ಬೇರೆ ಅನ್ನುವುದೂ ಇದರಿಂದಲೇ. ಮಾವ ಮಾಡಿಸಿಕೊಂಡದ್ದು ಹಿಯರಿಂಗ್ ಟೆಸ್ಟ್. ಸದ್ದು ಕಿವಿಗೆ ಮುಟ್ಟಿತೇ ಅಂತ ನೋಡುವುದು, ಅರ್ಥ ಬೇಕಿಲ್ಲ. ವಿದೇಶಕ್ಕೆ ಓದಲು ಹೋಗುವ ಹುಡುಗರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇರುವುದು ಲಿಸನಿಂಗ್ ಟೆಸ್ಟ್. ಸುಮಾರು 30 ನಿಮಿಷದ ರೆಕಾರ್ಡಿಂಗ್, 40 ಪ್ರಶ್ನೆ, ಒಂದೇ ಸಲ ಹಾಕುತ್ತಾರೆ. ಕಿವಿ ಎಷ್ಟೇ ಚುರುಕಾಗಿದ್ದರೂ ಮನಸ್ಸು ಆಚೆ ಈಚೆ ಹೋದರೆ ಮಾರ್ಕ್ಸ್ ಇಲ್ಲ.

ಎರಡನೇ ಹೆಜ್ಜೆ: ಕಿವಿಗೆ ಬಿತ್ತಾ, ಕಿವಿ ಕೊಟ್ಟಿರಾ?

ಮೊದಲ ಹೆಜ್ಜೆಯಲ್ಲಿ ಅನುಮಾನ ಉಳಿದರೆ ಇದನ್ನು ಮಾಡಿ. ವಾಕ್ಯದಲ್ಲಿ ‘ಕೇಳು’ ಇರುವ ಜಾಗದಲ್ಲಿ ‘ಕಿವಿಗೆ ಬಿತ್ತು’ ಹಾಕಿ ನೋಡಿ. ಹೊಂದಿದರೆ ಹಿಯರ್. ‘ಕಿವಿಗೊಟ್ಟೆ’ ಹಾಕಿ ನೋಡಿ. ಹೊಂದಿದರೆ ಲಿಸನ್.

ಮೆಟ್ರೊದಲ್ಲಿ ಕೂತಿದ್ದೀರಿ. ಮುಂದಿನ ನಿಲ್ದಾಣ ಯಾವುದು ಅಂತ ಹೇಳುತ್ತಲೇ ಇರುತ್ತಾರೆ. ದಿನಾ ಓಡಾಡುವವರಿಗೆ ಅದು ಸುಮ್ನೆ ಕಿವಿಗೆ ಬೀಳುತ್ತಿರುತ್ತದೆ. ‘ದೇ ಹಿಯರ್ ಇಟ್.’ ಊರಿನಿಂದ ಬಂದ ಚಿಕ್ಕಮ್ಮ ಮಾತ್ರ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಬೇಕು, ಎಲ್ಲಿ ತಪ್ಪಿಹೋಗುತ್ತದೋ ಅಂತ ಬ್ಯಾಗು ಹಿಡಿದುಕೊಂಡು ಒಂದೊಂದು ಹೆಸರಿಗೂ ಕಿವಿಗೊಡುತ್ತಿರುತ್ತಾರೆ. ‘ಶಿ ಲಿಸನ್ಸ್ ಟು ಇಟ್.’ ರೈಲು ಒಂದೇ, ದನಿ ಒಂದೇ. ಪದ ಮಾತ್ರ ಎರಡು.

ಹೀಗೇ ‘ಕಿವಿಗೆ ಹಾಕಿಕೊಳ್ಳಲಿಲ್ಲ’ ಅನ್ನುತ್ತೇವಲ್ಲ, ಅದು ಎರಡನ್ನೂ ಒಟ್ಟಿಗೆ ಹೇಳುವ ಮಾತು. ಬಿದ್ದದ್ದಂತೂ ನಿಜ, ಒಳಗೆ ತೆಗೆದುಕೊಳ್ಳಲಿಲ್ಲ. ‘ಹಿ ಹರ್ಡ್ ಮಿ, ಬಟ್ ಹಿ ಡಿಡಂಟ್ ಲಿಸನ್.’

ಇಲ್ಲೊಂದು ಎಚ್ಚರಿಕೆ. ‘ಕೇಳಿಸ್ಕೊ’ ಅನ್ನುವುದರಲ್ಲಿ ‘ಇಸು’ ಇದೆ ಅಂತ ಹಿಯರ್ ಹಾಕಬೇಡಿ. ‘ನಾನು ಹೇಳೋದು ಸ್ವಲ್ಪ ಕೇಳಿಸ್ಕೊ’ ಅಂದರೆ ಗಮನ ಕೊಡು ಅಂತಲೇ. ‘ಲಿಸನ್ ಟು ಮಿ.’ ಇದೇ ಪದ ಇನ್ನೊಂದು ಜಾಗದಲ್ಲಿ ಬಣ್ಣ ಬದಲಿಸುತ್ತದೆ. ಅಡುಗೆಮನೆಯಲ್ಲಿ ಇಬ್ಬರು ಮಾತಾಡುತ್ತಿದ್ದದ್ದು ಹಾಲ್‌ನಲ್ಲಿ ನಿಮ್ಮ ಕಿವಿಗೆ ಬಿತ್ತು ಅನ್ನಿ. ನೀವೇನೂ ಬೇಕಂತ ಕೇಳಿಸಿಕೊಂಡಿಲ್ಲ. ಅದು ಓವರ್‌ಹಿಯರ್. ಬಾಗಿಲ ಹಿಂದೆ ನಿಂತು ಕದ್ದು ಕೇಳಿಸಿಕೊಂಡರೆ ಅದು ಈವ್ಸ್‌ಡ್ರಾಪ್. ಮನೆಯಲ್ಲಿ ಜಗಳ ಆದಾಗ ಈ ಎರಡರಲ್ಲಿ ಯಾವುದು ಅನ್ನುವುದೇ ದೊಡ್ಡ ವಿಷಯ ಆಗುತ್ತದೆ, ಅಲ್ವಾ?

ಮೂರನೇ ಹೆಜ್ಜೆ: ‘ಟು’ ಬಿಡಬೇಡಿ

‘ಐ ಲಿಸನ್ ಮ್ಯೂಸಿಕ್’ ತಪ್ಪು. ‘ಐ ಲಿಸನ್ ಟು ಮ್ಯೂಸಿಕ್’ ಸರಿ. ‘ಐ ಹಿಯರ್ ಟು ಮ್ಯೂಸಿಕ್’ ಮತ್ತೆ ತಪ್ಪು. ಹಾಬೀಸ್ ಸಾಲಿನಲ್ಲಿ ಬರೆಯಬೇಕಾದದ್ದು ‘ಲಿಸನಿಂಗ್ ಟು ಮ್ಯೂಸಿಕ್.’

ಯಾಕೆ ಒಂದಕ್ಕೆ ಟು, ಇನ್ನೊಂದಕ್ಕೆ ಇಲ್ಲ? ನಾನು ನೆನಪಿಟ್ಟುಕೊಳ್ಳುವ ರೀತಿ ಇದು. ಕಿವಿ ಕೊಡುವುದು ಅಂದಮೇಲೆ ಯಾವುದಕ್ಕೆ ಅನ್ನುವ ಪ್ರಶ್ನೆ ಬರಲೇಬೇಕು. ಹಾಡಿಗೆ ಕಿವಿಗೊಟ್ಟೆ. ಮಾತಿಗೆ ಕಿವಿಗೊಟ್ಟೆ. ಆ ‘ಗೆ’ಯೇ ಇಂಗ್ಲಿಷಿನ ಟು. ಕೇಳಿಸುವಾಗ ‘ಗೆ’ ನನ್ನ ಮೇಲಿತ್ತು, ಕೇಳುವಾಗ ಅದು ಆ ಕಡೆಗೆ ದಾಟಿತು. ನನ್ನ ಮೇಲಿದ್ದಾಗ ಹಿಯರ್, ಟು ಬೇಡ. ಆ ಕಡೆ ಹೋದಾಗ ಲಿಸನ್, ಟು ಬೇಕು. ವ್ಯಾಕರಣದ ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಇದಾದ ಮೇಲೆ ತಪ್ಪಾಗಿಲ್ಲ.

ಎದುರಿಗೆ ಏನೂ ಹೇಳದೆ ಬರೀ ‘ಕೇಳಿ’ ಅಂದರೆ ಟು ಬೇಡ: ‘ಲಿಸನ್!’ ‘ನಾನು ಹೇಳುವುದನ್ನು ಕೇಳಿ’ ಅಂದಕೂಡಲೇ ಮತ್ತೆ ಬೇಕು: ‘ಲಿಸನ್ ಟು ವಾಟ್ ಐ ಆಮ್ ಸೇಯಿಂಗ್.’ ಈ ಉದ್ದನೆಯ ವಾಕ್ಯದಲ್ಲೇ ನಮ್ಮವರು ಟು ನುಂಗಿಬಿಡುವುದು.

ಟು ಜಾಗದಲ್ಲಿ ‘ಫಾರ್’ ಬಂದರೆ ಅರ್ಥ ಬೇರೆ. ಕುಕ್ಕರ್ ಇಟ್ಟು ಹಾಲ್‌ಗೆ ಬಂದಿದ್ದೀರಿ. ಮೂರನೇ ವಿಷಲ್ ಯಾವಾಗ ಆಗುತ್ತೋ ಅಂತ ಕಿವಿ ಅಡುಗೆಮನೆ ಕಡೆ ಇದೆ. ವಿಷಲ್ ಇನ್ನೂ ಬಂದಿಲ್ಲ. ‘ಐ ಆಮ್ ಲಿಸನಿಂಗ್ ಫಾರ್ ದ ವಿಷಲ್.’ ಬರಬೇಕಾದ ಸದ್ದಿಗೆ ಕಾಯುವುದು ಲಿಸನ್ ಫಾರ್.

ಉಚ್ಚಾರಣೆಯೂ ಇಲ್ಲೇ ಹೇಳಿಬಿಡುತ್ತೇನೆ. ಲಿಸನ್‌ನಲ್ಲಿ ‘ಟಿ’ ಅಕ್ಷರ ಬರೆಯಬೇಕು, ಅನ್ನಬಾರದು. ‘ಲಿಸ್ಟನ್’ ಅಲ್ಲ. ಹಿಯರ್ ಭೂತಕಾಲದಲ್ಲಿ ‘ಹಿಯರ್ಡ್’ ಆಗುವುದಿಲ್ಲ, ‘ಹರ್ಡ್’ ಆಗುತ್ತದೆ. ‘ಇಲ್ಲಿ’ ಅನ್ನುವ ಅರ್ಥದ ಹಿಯರ್ ಜೊತೆ ಸ್ಪೆಲಿಂಗ್ ಕಲಸಿಹೋದರೆ, ಎಚ್ ತೆಗೆದು ನೋಡಿ. ‘ಇಯರ್’, ಅಂದರೆ ಕಿವಿ ಉಳಿದರೆ ನಿಮಗೆ ಬೇಕಾದದ್ದು ಅದೇ.

ನಾಲ್ಕನೇ ಹೆಜ್ಜೆ: ಫೋನಿನಲ್ಲಿ ‘ಕ್ಯಾನ್ ಹಿಯರ್’

‘ಕೇಳಿಸ್ತಾ ಇದೆ’ ಅನ್ನುವುದನ್ನು ಹಾಗೇ ಎತ್ತಿಟ್ಟರೆ ‘ಐ ಆಮ್ ಹಿಯರಿಂಗ್’ ಆಗುತ್ತದೆ. ನಮ್ಮೂರಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಈ ಜಾಗದಲ್ಲಿ ಇಂಗ್ಲಿಷಿನವರು ಹಾಗೆ ಅನ್ನುವುದಿಲ್ಲ. ಕೇಳಿಸುವುದು ನಾವು ಮಾಡುತ್ತಾ ಇರುವ ಕೆಲಸ ಅಲ್ಲವಲ್ಲ. ಅದಕ್ಕೇ ‘ಕ್ಯಾನ್’ ಹಾಕುತ್ತಾರೆ. ಮೀಟಿಂಗ್‌ಗಳಲ್ಲಿ ಬೇಕಾಗುವುದು ಹೆಚ್ಚೆಂದರೆ ಇಷ್ಟು:

ಕೇಳಿಸ್ತಾ ಇದೆಯಾ? – ‘ಕ್ಯಾನ್ ಯು ಹಿಯರ್ ಮಿ?’
ಕೇಳಿಸ್ತಾ ಇದೆ. – ‘ಐ ಕ್ಯಾನ್ ಹಿಯರ್ ಯು.’
ಸರಿಯಾಗಿ ಕೇಳಿಸ್ತಾ ಇಲ್ಲ. – ‘ಐ ಕಾಂಟ್ ಹಿಯರ್ ಯು ಪ್ರಾಪರ್ಲಿ.’
ಈಗ ಹೇಳಿದ್ದು ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ. – ‘ಸಾರಿ, ಐ ಡಿಡಂಟ್ ಹಿಯರ್ ದಟ್. ಕುಡ್ ಯು ಸೇ ಇಟ್ ಅಗೇನ್?’

ಕೊನೆಯದರಲ್ಲಿ ‘ಐ ಡಿಡಂಟ್ ಲಿಸನ್’ ಅಂದರೆ ನೀವೇ ತಪ್ಪೊಪ್ಪಿಕೊಂಡ ಹಾಗೆ: ನೀವು ಮಾತಾಡುವಾಗ ನಾನು ಇನ್ನೇನೋ ನೋಡುತ್ತಿದ್ದೆ ಅಂತ. ನಿಜವೇ ಇರಬಹುದು, ಹೇಳಿಕೊಳ್ಳಬೇಕಾ?

ಲಿಸನ್‌ಗೆ ‘ಇಂಗ್’ ಸೇರಿಸಲು ಅಡ್ಡಿಯೇ ಇಲ್ಲ. ‘ಗೋ ಅಹೆಡ್, ಐ ಆಮ್ ಲಿಸನಿಂಗ್.’ ಹೇಳಿ ಹೇಳಿ, ಕೇಳ್ತಾ ಇದ್ದೀನಿ ಅಂತ.

ಐದನೇ ಹೆಜ್ಜೆ: ಹೆಜ್ಜೆ ತಪ್ಪಿಸುವ ಜಾಗಗಳು

ಸುದ್ದಿ ಮೊದಲನೆಯದು. ‘ನಿಮ್ಮ ಮಗನಿಗೆ ಕೆಲಸ ಸಿಕ್ಕಿದ್ದು ಕೇಳಿದೆ’ ಅನ್ನುತ್ತೇವೆ. ಇಲ್ಲಿ ‘ನನಗೆ’ ಇಲ್ಲ, ‘ಇಸು’ ಇಲ್ಲ. ಹಾಗಂತ ಲಿಸನ್ ಹಾಕಿದರೆ ಕೆಡುತ್ತದೆ. ಸುದ್ದಿ, ಹೆಸರು, ಗಾಳಿಮಾತು ಎಲ್ಲಕ್ಕೂ ಹಿಯರ್ರೇ. ಎರಡನೇ ಹೆಜ್ಜೆಯ ಪರೀಕ್ಷೆ ಮಾತ್ರ ಇಲ್ಲೂ ಕೈಬಿಡುವುದಿಲ್ಲ. ಸುದ್ದಿ ಕಿವಿಗೆ ಬೀಳುವಂಥದ್ದು. ‘ಐ ಹರ್ಡ್ ಯುವರ್ ಸನ್ ಗಾಟ್ ಎ ಜಾಬ್.’

ನನಗೆ ತುಂಬಾ ಇಷ್ಟವಾದದ್ದು ನಮ್ಮ ‘ಅಂತೆ’. ‘ನಾಳೆ ಕಾವೇರಿ ನೀರು ಬರಲ್ವಂತೆ.’ ಈ ಪುಟಾಣಿ ‘ಅಂತೆ’ಗೆ ಇಂಗ್ಲಿಷಿನಲ್ಲಿ ಪದವೇ ಇಲ್ಲ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಇದೆ. ‘ಐ ಹಿಯರ್’ ಅಂತ ಶುರು ಮಾಡಿದರೆ ಆಯಿತು. ‘ಐ ಹಿಯರ್ ದೇರ್ ವೋಂಟ್ ಬಿ ವಾಟರ್ ಟುಮಾರೊ.’ ನಿಮ್ಮ ಕಿವಿಗೆ ಬಿದ್ದದ್ದು ಬೆಳಗ್ಗೆಯೇ ಆದರೂ ‘ಐ ಹಿಯರ್’ ಅಂತ ವರ್ತಮಾನದಲ್ಲೇ ಹೇಳಬಹುದು. ಯಾರು ಹೇಳಿದರು, ನಿಜವೋ ಸುಳ್ಳೋ, ಆ ಜವಾಬ್ದಾರಿ ನಿಮ್ಮದಲ್ಲ. ‘ಅಂತೆ’ಯ ಅನುಕೂಲವೇ ಅದು. ಮನೆ ಓನರ್ ಬಾಡಿಗೆ ಜಾಸ್ತಿ ಮಾಡ್ತಾರಂತೆ, ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಬರುತ್ತಂತೆ: ನಾಲ್ಕು ‘ಅಂತೆ’ ವಾಕ್ಯ ತೆಗೆದುಕೊಂಡು ಹೀಗೆ ಹೇಳಿ ನೋಡಿ.

ಇದರ ಬಾಲಗಳೂ ಇವೆ. ‘ಹಿಯರ್ ಆಫ್’ ಅಂದರೆ ಅಂಥದ್ದೊಂದು ಇದೆ ಅನ್ನುವಷ್ಟು ಗೊತ್ತಿರುವುದು, ಹೆಸರು ಕೇಳಿರುವುದು. ‘ಹಿಯರ್ ಅಬೌಟ್’ ಅಂದರೆ ಅದರ ಬಗ್ಗೆ ಏನೋ ವಿಷಯ ಕಿವಿಗೆ ಬಿದ್ದಿರುವುದು. ‘ಹಿಯರ್ ಫ್ರಮ್’ಗೆ ಕಿವಿಯೇ ಬೇಕಿಲ್ಲ. ಮೇಲ್ ಬಂದರೂ ಮೆಸೇಜ್ ಬಂದರೂ ‘ಐ ಹರ್ಡ್ ಫ್ರಮ್ ಹಿಮ್.’ ಮೇಲ್‌ನ ಕೊನೆಯಲ್ಲಿ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಅಂತ ಬರೆಯುವುದು ನಿಮ್ಮ ಉತ್ತರಕ್ಕೆ ಕಾಯುತ್ತೇನೆ ಅನ್ನಲಿಕ್ಕೆ. ಅಲ್ಲಿ ‘ಟು ಹಿಯರ್’ ಅಲ್ಲ, ‘ಟು ಹಿಯರಿಂಗ್’.

ಮಾತು ಕೇಳುವುದು ಎರಡನೆಯ ಜಾಗ, ಆದರೆ ಇದು ಸುಲಭ. ‘ಮಗ ಮಾತೇ ಕೇಳಲ್ಲ’ ಅಂದರೆ ‘ಹಿ ಡಸಂಟ್ ಲಿಸನ್ ಟು ಮಿ.’ ಕನ್ನಡದಲ್ಲಿ ಕೇಳು ಅಂದರೆ ಹೇಳಿದ ಹಾಗೆ ನಡೆ ಅನ್ನುವ ಅರ್ಥ ಹೇಗೆ ಇದೆಯೋ ಲಿಸನ್‌ಗೂ ಹಾಗೇ ಇದೆ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಬಾಯಿ ತಪ್ಪಿ ‘ಹಿ ಡಸಂಟ್ ಹಿಯರ್ ಮಿ’ ಅಂದರೆ ಟೀಚರು ಕಿವಿ ಡಾಕ್ಟರ ಹೆಸರು ಹೇಳಿಯಾರು.

ಇನ್ನು ಕೋರ್ಟು. ವಿಧಾನಸೌಧದ ಎದುರಿನ ಕೆಂಪು ಕಟ್ಟಡದಲ್ಲಿ, ಅಂದರೆ ನಮ್ಮ ಹೈಕೋರ್ಟಿನಲ್ಲಿ, ಜಡ್ಜು ಎರಡೂ ಕಡೆಯ ವಾದವನ್ನು ಗಮನವಿಟ್ಟೇ ಕೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಲಿಸನ್ ಆಗಬೇಕಿತ್ತು. ಆದರೆ ಕಾನೂನಿನ ಇಂಗ್ಲಿಷಿನಲ್ಲಿ ಕೇಸನ್ನು ‘ಹಿಯರ್’ ಮಾಡುವುದು, ‘ಹಿಯರಿಂಗ್’ ನಡೆಯುವುದು. ಅದನ್ನು ಹಾಗೇ ಇಟ್ಟುಕೊಳ್ಳಬೇಕು. ನಾವೂ ‘ನಾಳೆ ಹಿಯರಿಂಗ್ ಇದೆ’ ಅಂತಲೇ ಅನ್ನುತ್ತೇವಲ್ಲ.

ಕಚೇರಿಯ ವಿಷಯ ಸ್ವಲ್ಪ ನಾಜೂಕು. ಸಂಗೀತ ಕಚೇರಿ. ರಾಮನವಮಿಗೆ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಉತ್ಸವ ನಡೆಯುತ್ತದೆ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿ ನಡೆಸುವುದು. ಅಲ್ಲಿ ಒಬ್ಬರ ಹಾಡು ಕೇಳಿಕೊಂಡು ಬಂದಿರಿ ಅನ್ನಿ. ಮರುದಿನ ಆಫೀಸಿನಲ್ಲಿ ‘ಐ ಹರ್ಡ್ ಹರ್ ಸಿಂಗ್ ಲಾಸ್ಟ್ ನೈಟ್’ ಅನ್ನಬಹುದು. ಟಿಕೆಟ್ ತೆಗೆದುಕೊಂಡು, ಎರಡು ಗಂಟೆ ತಲೆ ತೂಗಿದ್ದರೂ ಹರ್ಡ್ ಸರಿಯೇ. ಒಂದು ಕಚೇರಿ ಪೂರ್ತಿ ಅನುಭವಕ್ಕೆ ಬಂತು ಅನ್ನುವುದು ಅಲ್ಲಿನ ಅರ್ಥ. ಹಾಡು ನಡೆಯುತ್ತಿದ್ದಾಗಿನ ಮಾತು ಹೇಳುವುದಾದರೆ ಲಿಸನ್ ಬರುತ್ತದೆ: ‘ವಿ ವರ್ ಲಿಸನಿಂಗ್ ಟು ಹರ್ ವೆನ್ ಇಟ್ ಸ್ಟಾರ್ಟೆಡ್ ರೇನಿಂಗ್.’ ಏಪ್ರಿಲ್ ಸಂಜೆಗಳಲ್ಲಿ ಈ ವಾಕ್ಯಕ್ಕೆ ಕೆಲಸ ಇದ್ದೇ ಇರುತ್ತದೆ.

ಕೊನೆಯದು ‘ಐ ಹಿಯರ್ ಯು’. ನಿಮ್ಮ ಕಷ್ಟ ಅರ್ಥವಾಯಿತು ಅಂತ. ಅಪ್ರೈಸಲ್ ಹೊತ್ತಿನಲ್ಲಿ ಜಾಸ್ತಿ ಕೇಳಿಸುತ್ತದೆ. ಸಂಬಳಕ್ಕೂ ಇದಕ್ಕೂ ಸಂಬಂಧ ಇಲ್ಲ.

‘ಆಸ್ಕ್’ ಬಗ್ಗೆ ಏನೂ ಹೇಳಲಿಲ್ಲ ಅನ್ನಬೇಡಿ. ‘ಮಾತನ್ನು ಕೇಳಿದೆ’ ಅಂದರೆ ಲಿಸನ್, ‘ಮೇಷ್ಟ್ರನ್ನು ಕೇಳಿದೆ’ ಅಂದರೆ ಆಸ್ಕ್. ಇದರಲ್ಲಿ ಎಡವಿದವರನ್ನು ನಾನು ನೋಡಿಲ್ಲ. ಸೀ ಮತ್ತು ಲುಕ್ ನಡುವೆ ತೊಡಕಾದರೂ ಇದೇ ದಾರಿ ಹಿಡಿಯಿರಿ: ನನಗೆ ಕಾಣಿಸಿತು ಅಂದರೆ ಸೀ, ನಾನು ಅದರ ಕಡೆ ನೋಡಿದೆ ಅಂದರೆ ಲುಕ್ ಅಟ್.

ಆರನೇ ಹೆಜ್ಜೆ: ಐದು ನಿಮಿಷ ಟೆರೇಸಿನ ಮೇಲೆ

ಬೆಳಗ್ಗೆ ಕಾಫಿ ಲೋಟ ಹಿಡಿದು ಟೆರೇಸಿಗೋ ಬಾಲ್ಕನಿಗೋ ಹೋಗಿ. ಫೋನು ಒಳಗಿರಲಿ. ಕಿವಿಗೆ ಬೀಳುವುದನ್ನೆಲ್ಲ ‘ಐ ಕ್ಯಾನ್ ಹಿಯರ್’ ಅಂತ ಶುರು ಮಾಡಿ ಮೆಲ್ಲಗೆ ಹೇಳುತ್ತಾ ಹೋಗಿ. ಕಸದ ಆಟೋ, ಸೊಪ್ಪಿನವಳ ಕೂಗು, ಪಕ್ಕದ ಮನೆಯ ಕುಕ್ಕರು, ಸಂಪಿನ ಮೋಟರು, ದೇವಸ್ಥಾನದ ಗಂಟೆ, ಎಲ್ಲೋ ಒಂದು ಕೋಗಿಲೆ. ಹತ್ತು ವಾಕ್ಯ ಸುಲಭವಾಗಿ ಆಗುತ್ತದೆ. ಈಗ ಅದರಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ. ಕೋಗಿಲೆ ಅನ್ನಿ. ಉಳಿದದ್ದನ್ನು ಬಿಟ್ಟು ಅದಕ್ಕೇ ಕಿವಿಗೊಡಿ. ‘ಐ ಆಮ್ ಲಿಸನಿಂಗ್ ಟು ದ ಕೋಯೆಲ್.’ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಲೆಯೊಳಗೆ ಏನೋ ಸರಿದ ಹಾಗೆ ಆಗುತ್ತದೆ. ವ್ಯತ್ಯಾಸ ಅಂದರೆ ಅದೇ. ನನ್ನ ಸೋದರಳಿಯನಿಗೆ ಹೀಗೆ ಎರಡು ಭಾನುವಾರ ಮಾಡಿಸಿದೆ. ಆಮೇಲೆ ಅವನೇ ನನ್ನ ತಪ್ಪು ಹಿಡಿಯಲು ಶುರು ಮಾಡಿದ.

ಕೆಳಗೆ ಬಂದ ಮೇಲೆ ಈ ಐದನ್ನು ಇಂಗ್ಲಿಷಿನಲ್ಲಿ ಹೇಳಿ.

1. ರಾತ್ರಿ ನಾಯಿ ಬೊಗಳಿದ್ದು ನಿಮಗೆ ಕೇಳಿಸಿತಾ?
2. ನಾನು ಬಸ್ಸಿನಲ್ಲಿ ಹಳೇ ಹಾಡು ಕೇಳ್ತೀನಿ.
3. ಅವರು ಮನೆ ಖಾಲಿ ಮಾಡ್ತಾರಂತೆ.
4. ಡಾಕ್ಟರ್ ಹೇಳಿದ್ದು ಕೇಳಿ, ಉಪ್ಪು ಕಮ್ಮಿ ಮಾಡಿ.
5. ನೀನು ಕರೆದದ್ದು ನನಗೆ ಕೇಳಿಸಲಿಲ್ಲ.

ಒಂದು: ‘ಡಿಡ್ ಯು ಹಿಯರ್ ದ ಡಾಗ್ ಬಾರ್ಕಿಂಗ್ ಲಾಸ್ಟ್ ನೈಟ್?’ ಎರಡು: ‘ಐ ಲಿಸನ್ ಟು ಓಲ್ಡ್ ಸಾಂಗ್ಸ್ ಆನ್ ದ ಬಸ್.’ ಮೂರು: ‘ಐ ಹಿಯರ್ ದೆ ಆರ್ ಮೂವಿಂಗ್ ಔಟ್.’ ನಾಲ್ಕು: ‘ಲಿಸನ್ ಟು ದ ಡಾಕ್ಟರ್, ಕಟ್ ಡೌನ್ ಆನ್ ಸಾಲ್ಟ್.’ ಐದು: ‘ಐ ಡಿಡಂಟ್ ಹಿಯರ್ ಯು ಕಾಲಿಂಗ್.’ ವ್ಯಾಕರಣದ ಲೆಕ್ಕದಲ್ಲಿ ಐದನೆಯದು ಪೂರ್ತಿ ಸರಿ. ಮಾವ ಇದನ್ನೇ ಕನ್ನಡದಲ್ಲಿ ಹೇಳಿದಾಗ ಅತ್ತೆ ಜಯನಗರದ ಆ ರಿಪೋರ್ಟನ್ನು ತಂದು ಟೀಪಾಯಿಯ ಮೇಲಿಡುತ್ತಾರೆ.